ನಾಯ್ಸ್ ತೆಗೆಯಲು ಮೂರು ದಾರಿ: ತಂತ್ರಾಂಶ ಕೊಂಡ ಮೇಲೂ ನಾನು ಟ್ರೈಪಾಡ್ ಬಿಡಲಿಲ್ಲ

ಫೋಟೋದ ಮೇಲೆ ಮರಳಿನಂತೆ ಕಾಣುವ ಚುಕ್ಕೆಗಳನ್ನು, ಅಂದರೆ ನಾಯ್ಸ್ ತೆಗೆಯುವುದಕ್ಕೆಂದೇ ಒಂದು ಎಐ ತಂತ್ರಾಂಶವನ್ನು ಹಣ ಕೊಟ್ಟು ಕೊಂಡಿದ್ದೆ. ಮೂರು ತಿಂಗಳಾದ ಮೇಲೆ ಅದನ್ನು ಹೆಚ್ಚುಕಡಿಮೆ ಬದಿಗಿಟ್ಟು, ಒಂದೇ ದೃಶ್ಯವನ್ನು ಹಲವು ಸಲ ಕ್ಲಿಕ್ಕಿಸಿ ಆ ಫ್ರೇಮ್‌ಗಳ ಸರಾಸರಿ ತೆಗೆಯುವ ಹಳೆಯ ದಾರಿಗೇ ಮರಳಿದ್ದೇನೆ.

ಪರೀಕ್ಷೆಗೆ ಒಡ್ಡಿದ್ದು ಸೂರ್ಯ ಮುಳುಗಿದ ಮೇಲಿನ ದೃಶ್ಯ: ಕೆಳಗೆ ಕತ್ತಲಾದ ಕಾಡು, ಮೇಲೆ ಇನ್ನೂ ಬೆಳಕಿರುವ ಆಕಾಶ. ಟ್ರೈಪಾಡ್ ಮೇಲೆ ಐಎಸ್‌ಒ (ಚಿತ್ರದ ಹೊಳಪನ್ನು ಎಷ್ಟು ಹೆಚ್ಚಿಸಬೇಕೆಂದು ಕ್ಯಾಮೆರಾಗೆ ಹೇಳುವ ಅಂಕಿ) 100ರಲ್ಲಿ 16 ಫ್ರೇಮ್ ತೆಗೆದೆ. ಅವುಗಳಲ್ಲಿ ಒಂದನ್ನು ಮೊದಲ ಎರಡು ವಿಧಾನಗಳಿಗೆ ಬಳಸಿದೆ. ಆಕಾಶ ಬಿಳಿಚಿಕೊಳ್ಳಬಾರದೆಂದು ಎಕ್ಸ್‌ಪೋಷರ್ ಕಡಿಮೆ ಇಟ್ಟಿದ್ದರಿಂದ ನೆರಳನ್ನು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಕಿಗೆ ಸಮನಾಗಿ, ಎತ್ತಬೇಕಾಯಿತು. ಎತ್ತಿದ್ದೇ ತಡ, ಕಾಡಿನ ತುಂಬ ಮರಳು ಎರಚಿದಂತಾಯಿತು. ಐಎಸ್‌ಒ ಕಡಿಮೆಯಿದ್ದರೆ ನಾಯ್ಸ್ ಬರುವುದಿಲ್ಲ ಎಂಬ ನಂಬಿಕೆ ಸುಳ್ಳಾಗುವುದು ಇಲ್ಲಿಯೇ. ಸೆನ್ಸರ್ ಮೇಲೆ ಬಿದ್ದ ಬೆಳಕೇ ಸಾಲದಿದ್ದರೆ ಐಎಸ್‌ಒ ಅಂಕಿ ಯಾರನ್ನೂ ಕಾಪಾಡುವುದಿಲ್ಲ.

ಮೊದಲನೆಯದು, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರ) ಸಂಪಾದಿಸುವ ತಂತ್ರಾಂಶದಲ್ಲೇ ಇರುವ ಸ್ಲೈಡರ್‌ಗಳು. ಕೆಂಪು, ಹಸಿರು ಚುಕ್ಕೆಗಳಾಗಿ ಕಾಣುವ ಬಣ್ಣದ ನಾಯ್ಸ್‌ಗೆ ಇವು ಸಾಕು. ಹೊಳಪಿನ ನಾಯ್ಸ್ ತಗ್ಗಿಸುವ ಸ್ಲೈಡರನ್ನು ಸ್ವಲ್ಪ ಹೆಚ್ಚು ಎಳೆದರೂ ಪಾಚಿ ವಿವರ ಕಳೆದುಕೊಂಡು ಮೇಣದಂತಾಗುತ್ತದೆ.

ಎರಡನೆಯದು, ನಾನು ಕೊಂಡ ಎಐ ತಂತ್ರಾಂಶ. ಬಂಡೆಗಳನ್ನು ಅದು ಚೆನ್ನಾಗಿ ಉಳಿಸಿತು, ಆಕಾಶವನ್ನು ರೇಷ್ಮೆಯಂತೆ ಮಾಡಿತು. ತೊಂದರೆ ಬಂದದ್ದು ದೂರದ ಮರಗಳಲ್ಲಿ. ಎಲೆಯೋ ನಾಯ್ಸೋ ತಿಳಿಯದ ಕಡೆ ಅದು ತಾನೇ ಊಹಿಸಿ ಬರೆಯುತ್ತದೆ. ಇಡೀ ಇಳಿಜಾರಿನ ಮೇಲೆ ಒಂದೇ ಅಚ್ಚಿನ ಗರಿಗಳನ್ನು ಸಾಲಾಗಿ ಒತ್ತಿದಂತಿತ್ತು. ಪರದೆಯಲ್ಲಿ ಇದು ನನ್ನ ಕಣ್ಣಿಗೆ ಬೀಳಲಿಲ್ಲ. 6000 ಪಿಕ್ಸೆಲ್ ಅಗಲದ ಚಿತ್ರವನ್ನು ಇಂಚಿಗೆ 300ರಂತೆ 20 ಇಂಚಿಗೆ ಮುದ್ರಿಸಿದಾಗ ಎದ್ದು ಕಂಡಿತು.

ಹಾಗಾದರೆ ಕಾಡನ್ನು ಬಿಟ್ಟು ಆಕಾಶವನ್ನಷ್ಟೇ ನಯಗೊಳಿಸೋಣವೆಂದು ಮಾಸ್ಕ್ ಹಾಕಿದೆ, ಅಂದರೆ ತಿದ್ದುಪಡಿ ಆ ಭಾಗಕ್ಕಷ್ಟೇ ತಾಗುವಂತೆ ಗೆರೆ ಹಾಕಿದೆ. ನೀಲಿಯ ಹೊಳಪು ತಗ್ಗಿಸಿ ಆಕಾಶವನ್ನು ಗಾಢ ಮಾಡಿದ್ದರಿಂದ ಅಲ್ಲಿಯೂ ನಾಯ್ಸ್ ಎದ್ದಿತ್ತು. ಮಾಸ್ಕ್ ಮರದ ತುದಿಯವರೆಗೆ ಬಂದು ನಿಂತಿತು. ಕೊಂಬೆಗಳ ಸಂದಿಯ ಆಕಾಶ ಅದರ ಹಿಡಿತಕ್ಕೆ ಸಿಗಲಿಲ್ಲ. ಮೇಲೆ ನುಣುಪು, ಸಂದಿಗಳಲ್ಲಿ ಒರಟು: ಪ್ರತಿ ಮರದ ತಲೆಯ ಸುತ್ತಲೂ ಧೂಳು ಕವಿದ ಹಾಗೆ. ಮಾಸ್ಕಿನ ಅಂಚನ್ನು ಮೃದು ಮಾಡಿದರೆ ಸಣ್ಣ ಕೊಂಬೆಗಳು ಕರಗಿದವು, ಬಿಗಿ ಮಾಡಿದರೆ ಧೂಳು ಮರಳಿತು. ಬ್ರಷ್ ಹಿಡಿದು ಕೊಂಬೆಕೊಂಬೆಯನ್ನೂ ತಿದ್ದುತ್ತ ಎರಡು ಸಂಜೆ ಕಳೆದೆ. ಒಂದು ಚಿತ್ರಕ್ಕೆ ಎರಡು ಸಂಜೆ! ಆ ಮರಸಾಲಿನ ಅಂಚಿಗಾಗಿಯೇ ನಾನು ಅಲ್ಲಿಗೆ ಹೋಗಿದ್ದದ್ದು, ಕೆಟ್ಟದ್ದೂ ಅದೇ.

ಮೂರನೆಯದು ಸ್ಟ್ಯಾಕಿಂಗ್. ಫ್ರೇಮ್‌ಗಳನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುವುದು, ಅಷ್ಟೇ. ಎಲೆ ಎಲ್ಲ ಫ್ರೇಮ್‌ಗಳಲ್ಲೂ ಅದೇ ಜಾಗದಲ್ಲಿರುತ್ತದೆ, ನಾಯ್ಸ್ ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತದೆ. ಆದ್ದರಿಂದ ಎಲೆ ಉಳಿದು ನಾಯ್ಸ್ ಅಳಿಸಿಹೋಗುತ್ತದೆ. ಫ್ರೇಮ್‌ಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಅದು ಇಳಿಯುತ್ತದೆ: 4 ಫ್ರೇಮ್‌ಗೆ ಅರ್ಧ, 16ಕ್ಕೆ ಕಾಲು ಭಾಗ. ಇಲ್ಲಿ ಊಹೆಯಿಲ್ಲ, ಮಾಸ್ಕ್ ಬೇಕಿಲ್ಲ. ಕೊಂಬೆಗಳ ಸಂದಿಯ ಆಕಾಶವೂ ಮೇಲಿನ ಆಕಾಶದಷ್ಟೇ ತಿಳಿಯಾಗಿ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಗಾಳಿಯಿದ್ದರೆ ಎಲೆಗಳು ಕದಡುತ್ತವೆ, ನಿಜ. ಮೋಡಗಳೂ ಎಳೆದುಕೊಳ್ಳುತ್ತವೆ; ಅರ್ಧ ಸೆಕೆಂಡಿನ 16 ಫ್ರೇಮ್ ಎಂದರೆ ಎಂಟು ಸೆಕೆಂಡಿನ ಎಕ್ಸ್‌ಪೋಷರ್‌ನ ನೋಟವೇ. ನನಗೆ ಅದು ಇಷ್ಟ. ಮೋಡದ ಆಕಾರವೇ ಮುಖ್ಯವೆನ್ನುವವರಿಗೆ ಇದು ಹೊಂದದು. ಹಕ್ಕಿಯೋ ಮನುಷ್ಯರೋ ನಡುವೆ ಹಾದುಹೋಗಿದ್ದರೆ ಸರಾಸರಿಯ ಬದಲು ಮೀಡಿಯನ್ (ಎಲ್ಲ ಫ್ರೇಮ್‌ಗಳ ಬೆಲೆಗಳಲ್ಲಿ ನಟ್ಟನಡುವಿನದು) ಆರಿಸಿಕೊಳ್ಳಬೇಕು. ಡಿಸ್ಕ್ ಬೇಗ ತುಂಬುತ್ತದೆ.

ಇನ್ನು ಗ್ರೇನ್, ಅಂದರೆ ಬೇಕೆಂದೇ ಸೇರಿಸುವ ಸಣ್ಣ ಕಣಗಳು. ಅತಿ ನುಣುಪಾದ ಆಕಾಶ ಬಣ್ಣದ ಹಂತಗಳು ಕಡಿಮೆಯಿರುವ ಎಂಟು ಬಿಟ್‌ನ ಜೆಪೆಗ್ ಆದಾಗ ಪಟ್ಟೆಪಟ್ಟೆಯಾಗಿ ಒಡೆದು ಕಾಣುವುದುಂಟು. ತುಸು ಗ್ರೇನ್ ಸೇರಿಸಿದರೆ ಪಟ್ಟೆಗಳು ಮರೆಯಾಗುತ್ತವೆ. ಸೇರಿಸುವುದು ಮಾತ್ರ ಚಿತ್ರವನ್ನು ಮುದ್ರಣದ ಅಳತೆಗೆ ತಂದ ಮೇಲೆ, ಕೊನೆಯಲ್ಲಿ.

ಒಂದು ಸಂಜೆಗೆ ಎರಡೋ ಮೂರೋ ದೃಶ್ಯ, ಅದೂ ಟ್ರೈಪಾಡ್ ಊರಿ, ನಿಧಾನವಾಗಿ: ನನ್ನ ರೂಢಿ ಇದು. 16 ಸಲ ಶಟರ್ ಒತ್ತುವುದು ನನಗೆ ಹೊರೆಯಲ್ಲ, ಅದಕ್ಕೆ ಹೊಸದಾಗಿ ಹಣವೂ ಬೇಕಿಲ್ಲ. ಆ ತಂತ್ರಾಂಶದ ನವೀಕರಣಕ್ಕೆ ಮತ್ತೆ ಹಣ ಕಟ್ಟಲಾರೆ. ನಡೆಯುತ್ತಲೋ ದೋಣಿಯಲ್ಲಿ ಕುಳಿತೋ ಕೈಯಲ್ಲೇ ಹಿಡಿದು ತೆಗೆದ ಚಿತ್ರಗಳಿಗೆ ಈಗಲೂ ಅದನ್ನು ತೆರೆಯುತ್ತೇನೆ, ನಾಯ್ಸ್ ತೆಗೆಯುವ ತೀವ್ರತೆಯನ್ನು ಅರ್ಧಕ್ಕಿಂತ ಕೆಳಗಿಟ್ಟು.