ಬಿಎಲ್‌ಎಸ್, ಎಸಿಎಲ್‌ಎಸ್ ಕೋರ್ಸ್: ನರ್ಸ್‌ಗಳು ಕೈಯಿಂದ ದುಡ್ಡು ಹಾಕಿ ಹೋಗಬಹುದಾ?

ಇತ್ತೀಚೆಗೆ ಬೆಂಗಳೂರಿನ ಒಂದು ತರಬೇತಿ ಕೇಂದ್ರದಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ (ಹೃದಯ ನಿಂತವರ ಜೀವ ಉಳಿಸುವ ಮೊದಲ ಹಂತದ ತರಬೇತಿ) ಮತ್ತು ಎಸಿಎಲ್‌ಎಸ್ (ಔಷಧಿ, ಶಾಕ್ ಸೇರಿದ ಅದರ ಮುಂದಿನ ಹಂತ) ಎರಡೂ ಕೋರ್ಸ್ ಮುಗಿಸಿ ಬಂದೆ. ನಾನು ತುಮಕೂರು ಕಡೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಫೀಸು ನಾನೇ ಕಟ್ಟಿದೆ. ಎರಡೂ ಸೇರಿದರೆ ನಮ್ಮಂಥವರ ಸಂಬಳದಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಹೋಗಬೇಕೋ ಬೇಡವೋ ಅಂತ ಲೆಕ್ಕ ಹಾಕುತ್ತಿರುವ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ. ಕೋರ್ಸ್ ತುಂಬಾ ಚೆನ್ನಾಗಿದೆ. ಅದನ್ನು ನಡೆಸಿದ ಕೇಂದ್ರ ಅಷ್ಟು ಚೆನ್ನಾಗಿಲ್ಲ. ಇದೇ ಕೋರ್ಸ್ ಹತ್ತಾರು ಕಡೆ ನಡೆಯುತ್ತದೆ, ಹಾಗಾಗಿ ಕೇಂದ್ರದ ಹೆಸರು ಬಿಟ್ಟು, ಎಲ್ಲಿ ಹೋದರೂ ಏನು ಕೇಳಬೇಕು ಅಂತ ಹೇಳುತ್ತೇನೆ.

ಮೊದಲು ಬಿಎಲ್‌ಎಸ್. ಅರ್ಧ ದಿನದಲ್ಲಿ ಮುಗಿಯುತ್ತದೆ. ಎದೆ ಒತ್ತುವುದು, ಗಾಳಿ ಕೊಡುವ ಆಂಬು ಬ್ಯಾಗ್ ಹಿಡಿಯುವುದು, ಎಇಡಿ (ಹೃದಯದ ಲಯ ತಾನೇ ನೋಡಿ ಶಾಕ್ ಕೊಡುವ ಯಂತ್ರ) ಹಚ್ಚುವುದು, ಮಗುವಿಗೆ ಹೇಗೆ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಹೇಗೆ, ಇಷ್ಟೇ. ವರ್ಷಗಟ್ಟಲೆ ಐಸಿಯುನಲ್ಲಿ ಇದ್ದವರಿಗೆ ಇದೇನು ಹೊಸದು ಅನ್ನಿಸಬಹುದು. ಆದರೆ ಅಭ್ಯಾಸದ ಗೊಂಬೆಗೆ ಜೋಡಿಸಿರುವ ಸ್ಕ್ರೀನ್ ನೋಡಿದರೆ ಗೊತ್ತಾಗುತ್ತದೆ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆಳ ಕನಿಷ್ಠ 5 ಸೆಂಟಿಮೀಟರ್, 6 ದಾಟಬಾರದು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಆ ಕೊನೆಯದೇ ಎಲ್ಲರಿಗೂ ಕಷ್ಟ. ಸುಸ್ತಾದ ಹಾಗೆ ನಮ್ಮ ಭಾರ ಎದೆಯ ಮೇಲೇ ಉಳಿದುಬಿಡುತ್ತದೆ, ನಮಗೆ ಅದು ತಿಳಿಯುವುದೇ ಇಲ್ಲ. ಎದೆ ಪೂರ್ತಿ ಏಳದಿದ್ದರೆ ಹೃದಯಕ್ಕೆ ರಕ್ತ ವಾಪಸ್ ತುಂಬುವುದಿಲ್ಲ. ಆಗ ಎಷ್ಟು ಜೋರಾಗಿ ಒತ್ತಿದರೂ ಉಪಯೋಗ ಕಡಿಮೆ. ವಾರ್ಡಿನಲ್ಲಿ ಇದನ್ನು ಪಕ್ಕದಲ್ಲಿ ನಿಂತು ಹೇಳುವವರು ಯಾರಿದ್ದಾರೆ? ಇಲ್ಲಿ ಯಂತ್ರವೇ ಹೇಳುತ್ತದೆ. 2019ರಿಂದ ವಯಸ್ಕರ ಸಿಪಿಆರ್ (ಎದೆ ಒತ್ತಿ, ಗಾಳಿ ಕೊಡುವುದು) ಕಲಿಸುವಾಗ ಈ ಥರ ಅಳೆದು ತೋರಿಸುವ ಸಾಧನ ಇರಲೇಬೇಕು ಅಂತ ಹಾರ್ಟ್ ಅಸೋಸಿಯೇಷನ್‌ನ ನಿಯಮ. ಈ ಒಂದು ನಿಯಮಕ್ಕೇ ಕೊಟ್ಟ ದುಡ್ಡಿನಲ್ಲಿ ಅರ್ಧ ಸಾರ್ಥಕ ಅಂತ ನನ್ನ ಅಭಿಪ್ರಾಯ.

ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಅನ್ನುವುದೂ ಪುಸ್ತಕದಲ್ಲಿ ಓದುವಾಗ ಸಣ್ಣ ವಿಷಯ. ಸ್ಕ್ರೀನ್ ಮುಂದೆ ಎರಡನೇ ನಿಮಿಷದ ಕೊನೆಗೆ ಆಳ ಹೇಗೆ ಇಳಿಯುತ್ತದೆ ಅಂತ ಕಣ್ಣಾರೆ ಕಂಡಾಗ ಅದು ತಲೆಯಲ್ಲಿ ಕೂರುತ್ತದೆ.

ಎಸಿಎಲ್‌ಎಸ್ ಎರಡು ದಿನ. ಹೋಗುವ ಮೊದಲೇ ಆನ್‌ಲೈನ್‌ನಲ್ಲಿ ಒಂದು ಸ್ವಯಂ ಪರೀಕ್ಷೆ ಬರೆದು ಕನಿಷ್ಠ 70 ಶೇಕಡಾ ತೆಗೆದಿರಬೇಕು. ಇಸಿಜಿಯಲ್ಲಿ ಲಯ ಗುರುತಿಸುವುದು, ಔಷಧಿ, ಕೆಲವು ಸಂದರ್ಭಗಳ ಪ್ರಶ್ನೆ ಇರುತ್ತವೆ. ಇದನ್ನು ಹಗುರವಾಗಿ ತಗೋಬೇಡಿ. ಯಾವ ಲಯಕ್ಕೆ ಶಾಕ್ ಕೊಡಬೇಕು, ಯಾವುದಕ್ಕೆ ಕೊಡಬಾರದು ಅನ್ನುವುದು ತರಗತಿಗೆ ಬರುವ ಮೊದಲೇ ಗೊತ್ತಿದ್ದರೆ ಆ ಎರಡು ದಿನ ಪೂರ್ತಿ ಕೈ ಕೆಲಸಕ್ಕೆ ಸಿಗುತ್ತದೆ. ವಿಎಫ್ (ಹೃದಯ ಬಡಿಯದೆ ಬರೀ ನಡುಗುವುದು) ಮತ್ತು ಪಲ್ಸ್ ಇಲ್ಲದ ವಿಟಿಗೆ (ಹೃದಯದ ಕೆಳ ಕೋಣೆಗಳ ಅತಿವೇಗದ ಲಯ) ಶಾಕ್. ಎಸಿಸ್ಟೋಲಿಗೆ (ಇಸಿಜಿಯಲ್ಲಿ ನೇರ ಗೆರೆ), ಪಿಇಎಗೆ (ಇಸಿಜಿಯಲ್ಲಿ ಲಯ ಇದ್ದರೂ ಪಲ್ಸ್ ಇಲ್ಲ) ಕೊಡಬಾರದು. ಅಲ್ಲಿ ಕಂಪ್ರೆಷನ್, ಅಡ್ರಿನಲಿನ್, ಮತ್ತು ಕಾರಣ ಹುಡುಕುವುದು.

ನನಗೆ ಅತಿ ಹೆಚ್ಚು ಸಿಕ್ಕಿದ್ದು ಮೆಗಾಕೋಡ್‌ನಲ್ಲಿ, ಅಂದರೆ ಹೃದಯ ನಿಂತ ರೋಗಿ ಇದ್ದಾರೆ ಅಂತ ಇಡೀ ತಂಡ ಮಾಡುವ ಅಣಕು ಪರೀಕ್ಷೆಯಲ್ಲಿ. ಅಲ್ಲಿ ಪ್ರತಿಯೊಬ್ಬರೂ ಸರದಿಯ ಮೇಲೆ ಟೀಮ್ ಲೀಡರ್ ಆಗಲೇಬೇಕು. ಡಾಕ್ಟರ್, ನರ್ಸ್ ಅಂತ ಭೇದ ಇಲ್ಲ. ಒಬ್ಬರು ಒತ್ತುತ್ತಾರೆ, ಒಬ್ಬರು ಗಾಳಿ ಕೊಡುತ್ತಾರೆ, ಒಬ್ಬರು ಡಿಫಿಬ್ರಿಲೇಟರ್, ಒಬ್ಬರು ಔಷಧಿ, ಒಬ್ಬರು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಲೀಡರ್ ಕೈ ಹಾಕುವುದಿಲ್ಲ, ಹಾಸಿಗೆಯ ಕಾಲಬುಡದಲ್ಲಿ ನಿಂತು ಎಲ್ಲವನ್ನೂ ನೋಡುತ್ತಾರೆ. ನಮ್ಮ ಗುಂಪಿನಲ್ಲಿ ರಾಯಚೂರಿನ ಒಬ್ಬ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಹುಡುಗಿ ಇದ್ದಳು. ಅವಳ ಸರದಿ ಬಂದಾಗ ಎದೆ ಒತ್ತುತ್ತಿದ್ದವರು ಒಬ್ಬ ಎಂಡಿ ಡಾಕ್ಟರ್. ಮೊದಲು ಅವಳ ದನಿಯೇ ಹೊರಗೆ ಬರಲಿಲ್ಲ. ಇನ್‌ಸ್ಟ್ರಕ್ಟರ್ ಅವಳಿಗೆ, ‘ಸಿಸ್ಟರ್, ಯಾರಿಗೆ ಹೇಳ್ತಿದ್ದೀರಿ ಅಂತ ಅವರ ಮುಖ ನೋಡಿ ಹೇಳಿ’ ಅಂದರು. ಆಮೇಲೆ ಅವಳು, ‘ಡಾಕ್ಟರ್, ನಿಮ್ಮ ಕಂಪ್ರೆಷನ್ ನಿಧಾನ ಆಗ್ತಿದೆ, ಈ ಲಯ ನೋಡಿದ ಮೇಲೆ ಜಾಗ ಬದಲಿಸಿ’ ಅಂದಳು. ಅವರು ‘ಸರಿ, ಬದಲಿಸ್ತೀನಿ’ ಅಂದರು. ಅಷ್ಟೇ ನಡೆದದ್ದು. ಆದರೆ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು. ರೋಗಿಯ ಪಕ್ಕ ಮೊದಲು ಇರುವವರು ನಾವು. ಮೊದಲ ಐದು ನಿಮಿಷ ನಮ್ಮ ಕೈಯಲ್ಲೇ ಇರುತ್ತದೆ. ಆದರೂ ಆ ಐದು ನಿಮಿಷ ಮುನ್ನಡೆಸುವುದು ಹೇಗೆ ಅಂತ ನಾನು ಓದುವಾಗ ನನಗೆ ಯಾರೂ ಕಲಿಸಿರಲಿಲ್ಲ. ಈ ಕೋರ್ಸ್ ಕಲಿಸುತ್ತದೆ.

ಹೇಳಿದ್ದನ್ನು ವಾಪಸ್ ಹೇಳುವ ಅಭ್ಯಾಸವೂ ಅಷ್ಟೇ ಮುಖ್ಯ. ‘ಅಡ್ರಿನಲಿನ್ 1 ಮಿಲಿಗ್ರಾಂ ಐವಿ ಕೊಡಿ’ ಅಂದರೆ ‘ಅಡ್ರಿನಲಿನ್ 1 ಮಿಲಿಗ್ರಾಂ ಐವಿ ಕೊಡ್ತಿದ್ದೇನೆ’, ಆಮೇಲೆ ‘ಕೊಟ್ಟಾಯಿತು’. ಗಡಿಯಾರ ಹಿಡಿದವರು ಸಮಯ ಬರೆಯುತ್ತಾರೆ. ಮುಂದಿನ ಡೋಸ್ 3ರಿಂದ 5 ನಿಮಿಷಕ್ಕೆ. ಗಲಾಟೆಯಲ್ಲಿ ಒಂದೇ ಔಷಧಿ ಎರಡು ಸಲ ಹೋಗುವುದು, ಇಲ್ಲವೇ ಹೋಗದೇ ಇರುವುದು ಇದರಿಂದ ತಪ್ಪುತ್ತದೆ.

ಇನ್ನು ಕೊರತೆಗೆ ಬರುತ್ತೇನೆ. ಕೋರ್ಸಿನ ವಿಡಿಯೋಗಳಲ್ಲಿ ಎಲ್ಲವೂ ಅಮೆರಿಕದ ಆಸ್ಪತ್ರೆ. ಕೋಣೆ ತುಂಬಾ ಜನ, ತುಂಬಿಸಿಟ್ಟ ಸಿರಿಂಜಿನಲ್ಲಿ ಅಡ್ರಿನಲಿನ್. ನಮ್ಮಲ್ಲಿ ನೈಟ್ ಡ್ಯೂಟಿಗೆ ಇರುವುದು ಒಬ್ಬ ಸ್ಟಾಫ್, ಒಬ್ಬ ಆಯಾ. ಡ್ಯೂಟಿ ಡಾಕ್ಟರ್ ಕೆಳಗೆ ಕ್ಯಾಜುವಾಲಿಟಿಯಲ್ಲಿ. ಆಂಪ್ಯೂಲ್ ಒಡೆದು, ಸಿರಿಂಜಿಗೆ ಎಳೆದು, ಕೊಟ್ಟ ಮೇಲೆ 20 ಮಿಲಿ ಫ್ಲಶ್ ಮಾಡಿ, ಕೈ ಎತ್ತಿ ಹಿಡಿಯಬೇಕು. ಅದಕ್ಕೆಷ್ಟು ಹೊತ್ತು ಬೇಕು ಅನ್ನುವುದು ಆ ವಿಡಿಯೋದಲ್ಲಿ ಎಲ್ಲಿದೆ? ನಮ್ಮ ಪುಣ್ಯಕ್ಕೆ ಇನ್‌ಸ್ಟ್ರಕ್ಟರ್‌ಗಳಲ್ಲಿ ಒಬ್ಬರು ಹಾಸನ ಕಡೆಯ ಬ್ರದರ್. ಅವರೇ ಎರಡನೇ ದಿನ ಊಟದ ನಂತರ ಬೇರೆ ಥರ ಮಾಡಿಸಿದರು. ‘ಈಗ ರಾತ್ರಿ ಎರಡು ಗಂಟೆ, ನೀವಿಬ್ಬರೇ ಇದ್ದೀರಿ, ಶುರು ಮಾಡಿ’ ಅಂದರು. ಅವಧಿ ಮುಗಿದ ಆಂಪ್ಯೂಲ್‌ಗಳನ್ನು ಕೊಟ್ಟು ನಿಜವಾಗಿಯೂ ಒಡೆಸಿದರು. ಆಯಾಗೆ ಮೊದಲು ಏನು ಹೇಳಬೇಕು, ರೋಗಿಯ ಬೆನ್ನಿನ ಕೆಳಗೆ ಬೋರ್ಡ್ ಹಾಕುವುದು ಯಾವಾಗ, ಫೋನ್ ಸ್ಪೀಕರಿಗೆ ಹಾಕಿ ಕೈ ಹೇಗೆ ಖಾಲಿ ಮಾಡಿಕೊಳ್ಳುವುದು, ಎಲ್ಲವೂ ಕನ್ನಡದಲ್ಲೇ. ಇಡೀ ಕೋರ್ಸಿನಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಗಂಟೆ ಅದು. ಆದರೆ ಅದು ಪಠ್ಯದಲ್ಲಿ ಇಲ್ಲ, ಆ ಬ್ರದರ್ ಮನಸ್ಸಿಟ್ಟು ಮಾಡಿದ್ದು. ಬೇರೆ ಬ್ಯಾಚಿಗೆ ಸಿಗುತ್ತದೆ ಅಂತ ಹೇಳಲಾರೆ.

ಕೇಂದ್ರದ ಬಗ್ಗೆ ನನ್ನ ಬೇಸರ ಹೇಳಿಬಿಡುತ್ತೇನೆ. ಜನಕ್ಕೆ ಹೋಲಿಸಿದರೆ ಗೊಂಬೆಗಳು ಕಡಿಮೆ. ಸರದಿಗೆ ಕಾಯುವುದರಲ್ಲೇ ಬಹಳ ಹೊತ್ತು ಹೋಯಿತು. ಪುಸ್ತಕ ಕೊಟ್ಟಿದ್ದು ತರಗತಿಗೆ ಸ್ವಲ್ಪವೇ ಮೊದಲು. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಓದುವವರಿಗೆ ಅದು ಅನ್ಯಾಯ. ದುಡ್ಡು ಕಟ್ಟುವ ಮೊದಲು ಒಂದು ಗೊಂಬೆಗೆ ಎಷ್ಟು ಜನ, ಪುಸ್ತಕ ಯಾವಾಗ ಕೈಗೆ ಸಿಗುತ್ತದೆ ಅಂತ ಕೇಳಿ. ಯಾವ ಮಾರ್ಗಸೂಚಿಯ ಪುಸ್ತಕ ಅಂತಲೂ ಕೇಳಿ. 2025ರ ಅಕ್ಟೋಬರಿನಲ್ಲಿ ಹೊಸದು ಬಂದಿದೆ. ಉದಾಹರಣೆಗೆ, ಗಂಟಲಲ್ಲಿ ಆಹಾರ ಸಿಕ್ಕಿಕೊಂಡ ದೊಡ್ಡವರಿಗೆ ಈಗ ಮೊದಲು ಬೆನ್ನಿಗೆ 5 ಸಲ ಹೊಡೆದು, ಆಮೇಲೆ 5 ಸಲ ಹೊಟ್ಟೆ ಒತ್ತಬೇಕು. ಹಳೆಯ ಪುಸ್ತಕದಲ್ಲಿ ಬರೀ ಹೊಟ್ಟೆ ಒತ್ತುವುದಿತ್ತು.

ಲಿಖಿತ ಪರೀಕ್ಷೆ ಪಾಸಾಗಲು 84 ಶೇಕಡಾ ಬೇಕು. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಉದ್ದುದ್ದ. ಪುಸ್ತಕ ನೋಡಿ ಬರೆಯಬಹುದು, ಆದ್ದರಿಂದ ಹೆದರಿಕೆ ಬೇಡ.

ಕಾರ್ಡಿನ ಅವಧಿ ಎರಡು ವರ್ಷ. ಗಲ್ಫಿಗೆ ಹೋಗುವವರಿಗೆ ಬಿಎಲ್‌ಎಸ್, ಐಸಿಯುಗಾದರೆ ಎಸಿಎಲ್‌ಎಸ್ ಕೇಳುತ್ತಾರೆ. ನಮ್ಮ ಬ್ಯಾಚಿನಲ್ಲಿ ಹೆಚ್ಚಿನವರು ಬಂದಿದ್ದೇ ಅದಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ನರ್ಸಿಂಗ್ ವರದಿಯ ಪ್ರಕಾರ ಪ್ರಪಂಚದ ಏಳು ನರ್ಸ್‌ಗಳಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. ಹೋಗುವವರು ಹೋಗಲಿ, ಅವರ ಮನೆಯ ಕಷ್ಟ ಅವರಿಗೆ. ನನ್ನ ಬೇಡಿಕೆ ಇಲ್ಲೇ ಉಳಿದವರ ಪರವಾಗಿ. ಭಾರತೀಯ ನರ್ಸಿಂಗ್ ಪರಿಷತ್ತು ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 150 ಗಂಟೆಯ ಮುಂದುವರಿದ ಕಲಿಕೆ ಕೇಳುತ್ತದೆ. ಆ ಗಂಟೆಗಳಲ್ಲಿ ಎಷ್ಟೋ ಸಭಾಂಗಣದಲ್ಲಿ ಸುಮ್ನೆ ಕೂತು, ಸ್ಲೈಡ್ ನೋಡಿ, ಪ್ರಮಾಣಪತ್ರ ತಗೊಂಡು ಬರುವುದರಲ್ಲೇ ಕಳೆದುಹೋಗುತ್ತವೆ. ಕೈ ಬೆವರುವಂಥ ಕಲಿಕೆ ಅದರಲ್ಲಿ ಬಹುಪಾಲು ಇರಬೇಕು, ಮತ್ತು ಅದರ ಖರ್ಚು ಆಸ್ಪತ್ರೆ ಹೊರಬೇಕು. ಫೀಸು ನಮ್ಮದು, ರಜೆ ನಮ್ಮದು, ಲಾಭ ಮಾತ್ರ ಎಲ್ಲರದು ಅಂದರೆ ಹೇಗೆ? (ರಾಜ್ಯ ಪರಿಷತ್ತಿನ ಕ್ರೆಡಿಟ್ ಗಂಟೆ ಸಿಗುತ್ತದಾ ಅಂತಲೂ ಕೇಂದ್ರದಲ್ಲಿ ಮೊದಲೇ ಕೇಳಿ.)

ಇನ್ನೊಂದು ವಿಷಯ. ಎರಡು ವರ್ಷ ಅನ್ನುವುದು ಕಾರ್ಡಿನ ಆಯಸ್ಸು, ಕೈಯ ಕೌಶಲದ್ದಲ್ಲ. ಮುಟ್ಟದೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಕೌಶಲ ಜಾರಲು ಶುರುವಾಗುತ್ತದೆ. ಬಂದ ಮೇಲೆ ನಮ್ಮ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿದೆ. ಈಗ ವಾರಕ್ಕೊಮ್ಮೆ ಹ್ಯಾಂಡ್‌ಓವರ್ ಆದ ಮೇಲೆ ಹತ್ತು ನಿಮಿಷ ಎಮರ್ಜೆನ್ಸಿ ಟ್ರಾಲಿಯ ಮುಂದೆ ನಿಲ್ಲುತ್ತೇವೆ. ಒಬ್ಬರು ಔಷಧಿಯ ಹೆಸರು ಹೇಳಿದರೆ ಇನ್ನೊಬ್ಬರು ನೋಡದೆ ತೆಗೆದುಕೊಡಬೇಕು. ನಮ್ಮದೇ ಡಿಫಿಬ್ರಿಲೇಟರ್ ಆನ್ ಮಾಡಿ ಚಾರ್ಜ್ ಮಾಡುತ್ತೇವೆ, ಯಾಕೆಂದರೆ ತರಬೇತಿಯಲ್ಲಿ ಇದ್ದದ್ದು ಬೇರೆ ಕಂಪನಿಯದು, ಬಟನ್‌ಗಳ ಜಾಗ ಬೇರೆ. ಆಯಾಗಳೂ ಬಂದು ನಿಲ್ಲುತ್ತಾರೆ.

ಆಯಾ, ಸೆಕ್ಯುರಿಟಿ, ಮನೆಯವರು ಇವರಿಗೆಲ್ಲ ಈ ದುಬಾರಿ ಕೋರ್ಸ್ ಬೇಕಿಲ್ಲ. ಭಾರತೀಯ ಅರಿವಳಿಕೆ ತಜ್ಞರು ಕಟ್ಟಿದ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್‌ನವರ ಸಿಒಎಲ್‌ಎಸ್ ಇದೆ. ಅದರಲ್ಲಿ ಬಾಯಿಗೆ ಗಾಳಿ ಊದುವುದಿಲ್ಲ, ಎದೆ ಒತ್ತುವುದು ಮಾತ್ರ. ಸಾಮಾನ್ಯ ಜನರಿಗೆಂದೇ ಮಾಡಿದ್ದು. ಅವರದೇ ಮುಂದಿನ ಹಂತದ ಕೋರ್ಸ್‌ಗಳು ಡಾಕ್ಟರ್, ನರ್ಸ್‌ಗಳಿಗೂ ಇವೆ. ದೇಶದೊಳಗೇ ಕೆಲಸ ಮಾಡುವವರು ಅದನ್ನೂ ವಿಚಾರಿಸಿ.

ಕಾರ್ಡ್ ಮುಗಿದಾಗ ಎಸಿಎಲ್‌ಎಸ್‌ಗೆ ಮತ್ತೆ ದುಡ್ಡು ಕಟ್ಟುತ್ತೇನಾ? ಖಂಡಿತ ಕಟ್ಟುತ್ತೇನೆ, ಆದರೆ ಗೊಂಬೆಗಳು ಜಾಸ್ತಿ ಇರುವ ಬೇರೆ ಕೇಂದ್ರಕ್ಕೆ. ಆ ಹಾಸನದ ಬ್ರದರ್ ಎಲ್ಲಿ ಕಲಿಸುತ್ತಿದ್ದಾರೆ ಅಂತ ವಿಚಾರಿಸಿಕೊಂಡೇ ಹೋಗುತ್ತೇನೆ.