ಕೆಗ್ ಗ್ಯಾಸ್ ಲೈನಿಗೆ ಯಾವ ಜಾಯಿಂಟ್? ಮೂರೂ ಹಾಕಿ ನೋಡಿದ್ದೀನಿ

ಮನೇಲಿ ಮಾಡಿದ ಬಿಯರ್ ತುಂಬಿಡೋ ಸ್ಟೀಲ್ ಡಬ್ಬಕ್ಕೆ (ಕೆಗ್) ಸಿಲಿಂಡರಿಂದ ಸಿಒಟು (ಕಾರ್ಬನ್ ಡೈಆಕ್ಸೈಡ್) ತರೋ ಪೈಪೇ ಗ್ಯಾಸ್ ಲೈನು. ಅದರ ಜಾಯಿಂಟಿಗೆ ಸ್ಕ್ರೂ ಕ್ಲ್ಯಾಂಪ್, ಪುಶ್ ಫಿಟ್, ಕ್ರಿಂಪ್ ಕ್ಲ್ಯಾಂಪ್ ಮೂರರಲ್ಲಿ ನನಗಂತೂ ಕ್ರಿಂಪ್ ಕ್ಲ್ಯಾಂಪೇ ಸರಿ. ಪೈಪ್ ಸುತ್ತ ಬಳೆ ಥರ ಕೂತ್ಕೊಂಡು ಒಂದು ಕಡೆ ಕಿವಿ ಇರುತ್ತಲ್ಲ, ಇಕ್ಕಳದಲ್ಲಿ ಒತ್ತಿ ಬಿಗಿ ಮಾಡೋದು, ಅದು. ಮೊದ್ಲೇ ಅದನ್ನ ಹಾಕಿದ್ದಿದ್ರೆ ನಮ್ಮ ಹೊಸತೊಡಕು ಕೆಡ್ತಿರ್ಲಿಲ್ಲ. ನ್ಯೂಜೆರ್ಸಿಲಿ ನಮ್ಮನೆ ಬೇಸ್‌ಮೆಂಟಲ್ಲಿ ಎರಡು ಕಾರ್ನಿ ಕೆಗ್ (ಮನೇಲಿ ಬಿಯರ್ ಮಾಡೋರು ಬಳಸೋ ಸಣ್ಣ ಕೆಗ್) ಬಿಯರ್ ಫ್ರಿಡ್ಜಲ್ಲಿ ರೆಡಿ ಮಾಡಿಟ್ಟಿದ್ದೆ, ಮಂಡ್ಯ ಕಡೆಯವ್ರು ನಾಲ್ಕು ಮನೆ ಬರೋರಿದ್ರು, ಯುಗಾದಿ ರಾತ್ರಿ ರುಚಿ ನೋಡೋಣ ಅಂತ ಟ್ಯಾಪ್ ಎಳೆದ್ರೆ ಅರ್ಧ ಲೋಟ ಬಂದು ನಿಂತೋಯ್ತು, ಬಿಯರ್ ಸಪ್ಪೆ, ಸಿಲಿಂಡರ್ ಖಾಲಿ. 5 ಪೌಂಡ್ ಸಿಲಿಂಡರ್, ತುಂಬಿಸ್ಕೊಂಡು ಬಂದು ಒಂಬತ್ತೇ ದಿನ. ಆರೇಳು ಕೆಗ್ಗಿಗೆ ಆಗೋ ಗ್ಯಾಸ್ ಅದು.

ಸಿಲಿಂಡರ್ ಒಳಗಿನ ಒತ್ತಡ ತೋರಿಸೋ ಹೈ ಪ್ರೆಶರ್ ಗೇಜ್ ನಂಬ್ಕೊಂಡು ಕೂತಿದ್ದೇ ತಪ್ಪಾಯ್ತು. ಸಿಲಿಂಡರ್ ಒಳಗೆ ಸಿಒಟು ದ್ರವವಾಗಿ ಸ್ವಲ್ಪ ಉಳಿದಿದ್ರೂ ಸೂಜಿ ಅಲ್ಲಾಡಲ್ಲ, ಫ್ರಿಡ್ಜ್ ತಣ್ಣಗಿದ್ರೆ 500 ಚಿಲ್ಲರೆ ಪಿಎಸ್ಐಲೇ (ಒತ್ತಡದ ಅಳತೆ) ನಿಂತಿರುತ್ತೆ, ದ್ರವ ಮುಗಿದ್ಮೇಲೆ ಸರ್‍ರಂತ ಇಳಿಯುತ್ತೆ, ಅಷ್ಟೊತ್ತಿಗೆ ಎಲ್ಲಾ ಹೋಗಿರುತ್ತೆ.

ಸ್ಕ್ರೂ ಕ್ಲ್ಯಾಂಪ್ ನಾನು ಮೊದಲು ಹಾಕಿದ್ದು. ಅಗ್ಗ, ಸ್ಕ್ರೂಡ್ರೈವರ್ ಇದ್ರೆ ಸಾಕು. ಆದ್ರೆ ಇಷ್ಟು ಸಣ್ಣ ಪೈಪಿಗೆ ಅದು ಪೂರ್ತಿ ರೌಂಡಾಗಿ ಕೂರಲ್ಲ, ಸ್ಕ್ರೂ ಇರೋ ಜಾಗದಲ್ಲಿ ಸಮ ಒತ್ತಲ್ಲ, ಲೀಕ್ ನೋಡೋಕೆ ಸೋಪ್ ನೀರು ಹಾಕಿದ್ರೆ ಅಲ್ಲೇ ಗುಳ್ಳೆ ಏಳ್ತಿತ್ತು. ಬಿಗಿ ಮಾಡಿದ್ರೆ ಒಂದು ತಿಂಗಳು ಸುಮ್ಮನಿದ್ದು ಮತ್ತೆ ಶುರು.

ಅದಕ್ಕೇ ಪುಶ್ ಫಿಟ್‌ಗೆ ದುಡ್ಡು ಹಾಕಿದೆ. 8 ಎಂಎಂ ಗಟ್ಟಿ ಟ್ಯೂಬು, ತಳ್ಳಿದ್ರೆ ಕೂತ್ಕೊಳ್ಳುತ್ತೆ, ಟೂಲ್ ಬೇಡ. ಟ್ಯೂಬನ್ನ ನೇರವಾಗಿ ಕತ್ತರಿಸ್ಬೇಕು ಅನ್ನೋದು ಗೊತ್ತಿತ್ತು, ಕಟರ್ ತಂದು ನೀಟಾಗಿ ಕತ್ತರಿಸಿದ್ದೆ. ಆದ್ರೂ ಯುಗಾದಿಗೆ ಗ್ಯಾಸ್ ಹೋಯ್ತಲ್ಲ, ಕೆಗ್ ಮುಚ್ಚಳದ ಓ-ರಿಂಗ್ (ರಬ್ಬರ್ ಬಳೆ) ಬದಲಾಯಿಸಿದೆ, ಪೋಸ್ಟ್ (ಕೆಗ್ ಮೇಲೆ ಲೈನ್ ಸಿಕ್ಕಿಸೋ ಮೂತಿ) ಬಿಚ್ಚಿ ಅಲ್ಲಿನ ಓ-ರಿಂಗ್ ಎಲ್ಲಾ ಬದಲಾಯಿಸಿ ಲ್ಯೂಬ್ ಹಚ್ಚಿದೆ, ರೆಗ್ಯುಲೇಟರ್ ಸಿಲಿಂಡರಿಗೆ ಸೇರೋ ಕಡೆ ನೈಲಾನ್ ವಾಷರ್ ಹೊಸದು ಹಾಕಿದೆ, ಎಲ್ಲಾ ಕಡೆ ಸೋಪ್ ನೀರು ಸ್ಪ್ರೇ ಮಾಡ್ದೆ, ಒಂದೇ ಒಂದು ಗುಳ್ಳೆ ಇಲ್ಲ. ಎರಡನೇ ಸಿಲಿಂಡರ್ ಕೂಡ ಹಗುರ ಆಗ್ತಾ ಬಂತು. ರಾತ್ರಿಯೆಲ್ಲಾ ಅದೇ ಯೋಚನೆ.

ಕೊನೆಗೆ ಕೆಗ್‌ನಿಂದ ಗ್ರೇ ಡಿಸ್ಕನೆಕ್ಟ್ (ಗ್ಯಾಸ್ ಲೈನ್ ತುದಿಲಿ ಕೆಗ್ಗಿಗೆ ಸಿಕ್ಕಿಸೋ ಕನೆಕ್ಟರ್, ಕಿತ್ರೆ ತಾನೇ ಮುಚ್ಕೊಳ್ಳುತ್ತೆ) ಕಿತ್ತಿಟ್ಟು, ಲೈನಿಗೆ ಗ್ಯಾಸ್ ಬಿಟ್ಟು, ಸಿಲಿಂಡರ್ ವಾಲ್ವ್ ಮುಚ್ಚಿ ಲೈನಿನ ಒತ್ತಡ ತೋರಿಸೋ ಲೋ ಪ್ರೆಶರ್ ಗೇಜ್ ಕಾಯ್ಕೊಂಡು ಕೂತೆ. ಎರಡು ಗಂಟೆ ಆದ್ರೂ 30 ಪಿಎಸ್ಐ ಹಾಗೇ ಇತ್ತು. ಫ್ರಿಡ್ಜ್ ಬಾಗಿಲು ಮುಚ್ಚಿ ಊಟ ಮಾಡಿ ಬಂದು ನೋಡಿದ್ರೆ ಸೊನ್ನೆ! ಬಾಗಿಲಿನ ಶೆಲ್ಫು ಟ್ಯೂಬನ್ನ ಒತ್ತುತ್ತಿತ್ತು, ರೆಗ್ಯುಲೇಟರ್ ಹತ್ರ ಟ್ಯೂಬು ಪಕ್ಕಕ್ಕೆ ಎಳೆದಂಗಾಗಿ ಫಿಟ್ಟಿಂಗ್ ಒಳಗಿನ ಓ-ರಿಂಗ್ ಒಂದು ಬದಿ ಬಿಟ್ಕೊಳ್ತಿತ್ತು. ಬಾಗಿಲು ತೆಗೆದು ಸೋಪ್ ನೀರು ಹೊಡೆದ್ರೆ ಎಲ್ಲಿಂದ ಗುಳ್ಳೆ ಬರ್ಬೇಕು, ಲೀಕ್ ಆಗ್ತಿದ್ದಿದ್ದೇ ಬಾಗಿಲು ಮುಚ್ಚಿದಾಗ. ಫ್ರಿಡ್ಜಿಂದ ಹೊರಗೆ ಬರೋ ಗ್ಯಾಸ್ ಬೇಸ್‌ಮೆಂಟಲ್ಲಿ ನೆಲಮಟ್ಟದಲ್ಲೇ ಸೇರ್ಕೊಳ್ಳುತ್ತೆ, ಹೆಚ್ಚಾದ್ರೆ ಉಸಿರು ಕಟ್ಟುತ್ತೆ, ಮಕ್ಕಳು ಅಲ್ಲಿ ಆಡೋ ಜಾಗ, ಪುಣ್ಯಕ್ಕೆ ಏನೂ ಆಗ್ಲಿಲ್ಲ.

ಅಗಲವಾದ ಫ್ರಿಡ್ಜ್ ಇದ್ದು ಟ್ಯೂಬು ನೇರ ಬರೋ ಹಾಗಿದ್ರೆ ಪುಶ್ ಫಿಟ್ ಚೆನ್ನಾಗೇ ಇರುತ್ತೆ. ಬಿಯರ್ ಲೈನಲ್ಲಿ ನಾನು ಈಗ್ಲೂ ಅದನ್ನೇ ಇಟ್ಕೊಂಡಿದ್ದೀನಿ, ತೊಳೆಯೋಕೆ ಬಿಚ್ತಾ ಇರ್ಬೇಕಲ್ಲ.

ಗ್ಯಾಸ್ ಲೈನ್ ನಾನು ವರ್ಷಕ್ಕೊಮ್ಮೆ ಮುಟ್ಟಿದ್ರೆ ಹೆಚ್ಚು. ಅಲ್ಲಿ ಈಗ ಮೆತ್ತಗಿನ ಪೈಪು, ಕ್ರಿಂಪ್ ಕ್ಲ್ಯಾಂಪು. ಸುತ್ತಲೂ ಸಮವಾಗಿ ಒತ್ತುತ್ತೆ, ಪೈಪ್ ಬಾಗಿದ್ರೂ ಜಾಯಿಂಟ್ ಜಗ್ಗಲ್ಲ. ಇಕ್ಕಳ, ಕ್ಲ್ಯಾಂಪ್ ಎಲ್ಲಾ ಸೇರಿ 30 ಡಾಲರ್ ಒಳಗೇ ಆಯ್ತು. ಒಂದ್ಸಲ ಒತ್ತಿದ್ದು ಮತ್ತೆ ಬರಲ್ಲ, ಕತ್ತರಿಸಿ ಬಿಸಾಕ್ಬೇಕು, ಅದಕ್ಕೆ ಪೈಪಿನ ಹೊರಗಿನ ಅಳತೆ ನೋಡ್ಕೊಂಡೇ ತಗೊಳ್ಳಿ.

ನೀವೂ ಗೇಜ್ ಟೆಸ್ಟ್ ಮಾಡೋದಾದ್ರೆ ಹೊಸ ಬಿಯರ್ ಇರೋ ಕೆಗ್ ಸೇರಿಸ್ಬೇಡಿ, ಬಿಯರ್ ಗ್ಯಾಸ್ ಹೀರ್ಕೊಳ್ತಾ ಇರುತ್ತೆ, ಲೀಕ್ ಇಲ್ದಿದ್ರೂ ಸೂಜಿ ಇಳಿಯುತ್ತೆ. ಮತ್ತೆ ಬಾಗಿಲು ಮುಚ್ಚಿ ಒಂದ್ಸಲ, ತೆಗೆದು ಒಂದ್ಸಲ ನೋಡಿ.