ಸೂರ್ ಅಥವಾ ಮಿರ್ಬಾತ್: ಒಮಾನಿನ ಎರಡು ಹಳೆಯ ಬಂದರುಗಳಲ್ಲಿ ಯಾವುದಕ್ಕೆ ಹೋಗುವುದು?

ಮರದ ಹಡಗು ನೋಡಬೇಕೆನ್ನುವವರಿಗೆ ಸೂರ್. ಮಸ್ಕತ್‌ನಿಂದ ಕರಾವಳಿ ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ., ಎರಡು-ಎರಡೂವರೆ ಗಂಟೆ. ಇಲ್ಲಿನ ಬಡಗಿಗಳು ನಕ್ಷೆ ಬರೆಯದೆ, ಮೊದಲು ಹೊರ ಹಲಗೆಗಳನ್ನು ಜೋಡಿಸಿ ಆಮೇಲೆ ಒಳಗಿನ ಪಕ್ಕೆಗಳನ್ನು ಕೂರಿಸುತ್ತಿದ್ದರು. ತೇಗ ಬರುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. 1951ರಲ್ಲಿ ಇಲ್ಲೇ ಕಟ್ಟಿದ 'ಫತ್ಹ್ ಅಲ್ ಖೈರ್' ಹಡಗನ್ನು ಯೆಮೆನ್‌ನಿಂದ ಮರಳಿ ತಂದು ದಡದಲ್ಲಿ ನಿಲ್ಲಿಸಿದ್ದಾರೆ. ಅದರ ಹಿಂಭಾಗದ ಕೆತ್ತನೆಯನ್ನು ಸಾವಧಾನವಾಗಿ ನೋಡಿ. ಉಗಿಹಡಗುಗಳು ಬಂದಮೇಲೆ ಸೂರ್‌ನ ಸಾಗಣೆ ವ್ಯಾಪಾರ ಕುಸಿಯಿತು.

ದಾರಿಯಲ್ಲೇ ಸಿಗುವ ಪಾಳುನಗರ ಕಲ್ಹಾತ್ 2018ರಿಂದ ವಿಶ್ವ ಪರಂಪರೆಯ ತಾಣ. ಪರ್ಷಿಯನ್ ಕೊಲ್ಲಿಯ ಬಾಯಲ್ಲಿದ್ದ ಹೊರ್ಮುಜ್ ರಾಜ್ಯದ ದೊರೆಗಳ ಕಾಲದಲ್ಲಿ ಇಲ್ಲಿಂದ ಭಾರತಕ್ಕೆ ಕುದುರೆಗಳು ಹೋಗುತ್ತಿದ್ದವು. ಭಟ್ಕಳದ ಮೂಲಕ ಅರಬ್ ಕುದುರೆ ತರಿಸುತ್ತಿದ್ದ ವಿಜಯನಗರವನ್ನು ಬಲ್ಲ ಕನ್ನಡಿಗರು ಇದನ್ನು ಬಿಡಬಾರದು. ಆದರೆ ಪಾಳುನಗರದ ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಮಿರ್ಬಾತ್ ದೂರ. ದಕ್ಷಿಣ ಒಮಾನಿನ ಸಲಾಲಾ ನಗರಕ್ಕೆ ವಿಮಾನ, ಅಲ್ಲಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ಧೂಪ, ಕುದುರೆಗಳ ರೇವು ಇದು. ಕುಸಿಯುತ್ತಿರುವ ವರ್ತಕರ ಮನೆಗಳು, ಸಂತ ಬಿನ್ ಅಲಿಯ ಅವಳಿ ಗುಮ್ಮಟದ ಗೋರಿ, 1972ರ ಜುಲೈ 19ರಂದು ಬಂಡುಕೋರರೊಡನೆ ನಡೆದ ಕಾಳಗದ ಕೋಟೆ: ಅರ್ಧ ದಿನ ಸಾಕು.

ಎಡವುವುದು ಕಾಲದ ಆಯ್ಕೆಯಲ್ಲಿ. ಸೂರ್‌ಗೆ ನವೆಂಬರ್‌ನಿಂದ ಮಾರ್ಚ್ ಹಿತ. ಬೇಸಿಗೆಯಲ್ಲಿ ಬಿಸಿಲು ಸಹಿಸಲಾಗದು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಹಸಿರಿಗೆಂದು ಸಲಾಲಾ ತುಂಬಿಹೋಗುತ್ತದೆ, ಮಿರ್ಬಾತ್‌ನ ಕಡಲೂ ಒರಟಾಗಿರುತ್ತದೆ. ಒಂದನ್ನೇ ಆರಿಸಬೇಕಾದರೆ ಸೂರ್‌ಗೇ ಹೋಗಿ, ಒಂದು ರಾತ್ರಿ ಉಳಿಯಿರಿ.